ಹೊರೆಯನ್ನು ಇಳಿಸೋಣ, ಸಾಕ್ಷಿಯನ್ನಲ್ಲ

(ಹಳ್ಳ-ಕಾಡುಗಳ ಛಾಯಾಚಿತ್ರ ದಾಖಲೆಯಲ್ಲಿ ತೊಡಗಿರುವ ಸ್ವಯಂಸೇವಕರ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕೃಷಿ ವಿಜ್ಞಾನ ಓದಿದವರಿಗೆ ಗಣಕಯಂತ್ರದ ಕುರಿತು ಮಾತನಾಡಲು ಸಂಘಟಕರು ಏಕೆ ಹೇಳಿದರು ಎಂಬ ಪ್ರಶ್ನೆ ನಿಮ್ಮಲ್ಲಿ ಕೆಲವರಿಗಾದರೂ ಬಂದಿರಬಹುದು. ಉತ್ತರ ಸರಳವಾಗಿದೆ. ಗಿಡದ ಬೆಳವಣಿಗೆ, ರೋಗದ ಹರಡುವಿಕೆ, ಮಣ್ಣಿನ ಸವಕಳಿ ಇವೆಲ್ಲ ನಮ್ಮ ಕಣ್ಣೆದುರೇ ನಡೆದರೂ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ನಡೆಯುವ ಸಂಗತಿಗಳು. ಅವುಗಳನ್ನು ಕಾಣುವಂತೆ ಮಾಡಲು ನಮ್ಮ ವೃತ್ತಿಯವರು ಒಂದೇ ಸ್ಥಳದಲ್ಲಿ ನಿಂತು ಒಂದೇ ದೃಶ್ಯವನ್ನು ಮತ್ತೆ ಮತ್ತೆ ಸೆರೆಹಿಡಿಯುತ್ತಾರೆ. ಆ ಸ್ಥಿರಚಿತ್ರಗಳನ್ನು ಸಾಲಾಗಿ ಓಡಿಸಿ ನೋಡುತ್ತಾರೆ. ತಿಂಗಳುಗಳ ಕಥೆ ಆಗ ನಿಮಿಷಗಳಲ್ಲಿ ಬಿಚ್ಚಿಕೊಳ್ಳುತ್ತದೆ.

ಇದು ಹೊಸ ವಿದ್ಯೆಯೇನಲ್ಲ. ಹಿಮನದಿಗಳು ಹಿಂದೆ ಸರಿಯುತ್ತಿವೆ ಎಂಬುದನ್ನು ಜನಸಾಮಾನ್ಯರಿಗೆ ತೋರಿಸಲು ಅಮೆರಿಕದ ಛಾಯಾಗ್ರಾಹಕ ಜೇಮ್ಸ್ ಬೇಲಾಗ್ 2007ರಲ್ಲಿ 'ಎಕ್ಸ್‌ಟ್ರೀಮ್ ಐಸ್ ಸರ್ವೆ' ಆರಂಭಿಸಿ, ಹಿಮಪ್ರದೇಶಗಳಲ್ಲಿ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು ನೆಟ್ಟರು. 2012ರಲ್ಲಿ ಬಂದ 'ಚೇಸಿಂಗ್ ಐಸ್' ಸಾಕ್ಷ್ಯಚಿತ್ರ ಆ ಕೆಲಸದ ಕಥೆ. ಅಂಕಿ ಅಂಶಗಳ ಕೋಷ್ಟಕ ಹೇಳಲಾರದ್ದನ್ನು ಆ ಸ್ಥಿರಚಿತ್ರಗಳ ಓಟ ಹೇಳಿತು. ನಮ್ಮ ಮಲೆನಾಡಿನ ಹಳ್ಳಗಳಿಗೂ ಅಂಥದೊಂದು ಕಥೆಯಿದೆ. ಯಾವ ತಿಂಗಳವರೆಗೆ ನೀರು ಹರಿಯಿತು, ಗುಡ್ಡ ಕಡಿದ ಮೇಲೆ ಮೊದಲ ಮಳೆಗೆ ನೀರಿನ ಬಣ್ಣ ಹೇಗಾಯಿತು, ದಡ ಎಷ್ಟು ಕುಸಿಯಿತು ಎಂಬುದನ್ನು ನೀವು ಬಾಯಲ್ಲಿ ಹೇಳಿದರೆ 'ಪುರಾವೆ ಏನಿದೆ?' ಎಂದು ಕೇಳುತ್ತಾರೆ. ಅದಕ್ಕಾಗಿಯೇ ಹಳ್ಳದ ಎದುರಿನ ಮರಕ್ಕೆ ನೀವು ಕ್ಯಾಮೆರಾ ಕಟ್ಟಿದ್ದೀರಿ.

ಆದರೆ ವರ್ಷವಿಡೀ ಕೂಡಿಟ್ಟ ಚಿತ್ರಗಳನ್ನು ವೀಡಿಯೊ ಸಂಕಲನ ತಂತ್ರಾಂಶಕ್ಕೆ ಒಪ್ಪಿಸಿದಾಗ ಅದು ಅರ್ಧ ದಾರಿಯಲ್ಲಿ ನಿಂತುಬಿಡುತ್ತದೆ. ರೆಂಡರ್, ಅಂದರೆ ಎಲ್ಲ ಚಿತ್ರಗಳನ್ನು ಬೆಸೆದು ಒಂದೇ ಚಲನಚಿತ್ರವಾಗಿಸುವ ಕೊನೆಯ ಹಂತ, ಶೇಕಡಾ 40ಕ್ಕೋ 60ಕ್ಕೋ ಬಂದು ಉಸಿರು ಕಟ್ಟುತ್ತದೆ. ಬೆಳಗಾದರೆ ಗ್ರಾಮಸಭೆ. ನಿಮ್ಮಲ್ಲಿ ಹಲವರು ಈ ಸಂಕಟವನ್ನೇ ಹೇಳಿಕೊಂಡಿದ್ದೀರಿ. ಅಂಥ ಹೊತ್ತಿನಲ್ಲಿ ಸಿಟ್ಟಿನಿಂದ ಕೈಗೆ ಬಂದಷ್ಟು ಚಿತ್ರಗಳನ್ನು ಅಳಿಸಿ ಹೊರೆ ಕಡಿಮೆ ಮಾಡುವವರೂ ಇದ್ದಾರೆ. ಹೊರೆಯನ್ನು ಇಳಿಸಲೇಬೇಕು, ಆದರೆ ಹೊರೆಯೊಂದಿಗೆ ಸಾಕ್ಷಿಯೂ ಇಳಿದುಹೋಗಬಾರದು. ಇಂದಿನ ನನ್ನ ಮಾತಿನ ಸಾರ ಇಷ್ಟೇ.

ಅಟ್ಟ ಮತ್ತು ಅಂಗಳ

ಮೊದಲು ಯಂತ್ರದ ಕಷ್ಟವನ್ನು ಅರ್ಥ ಮಾಡಿಕೊಳ್ಳೋಣ. ಹಗಲು ಹೊತ್ತಿನಲ್ಲಿ ಗಂಟೆಗೊಂದರಂತೆ ದಿನಕ್ಕೆ 12 ಚಿತ್ರ ತೆಗೆದರೆ ವರ್ಷಕ್ಕೆ 4,380 ಚಿತ್ರಗಳಾಗುತ್ತವೆ. ಸೆಕೆಂಡಿಗೆ 25 ಚಿತ್ರಗಳಂತೆ ಓಡಿಸಿದರೆ ಇಡೀ ವರ್ಷದ ಹಳ್ಳ 2 ನಿಮಿಷ 55 ಸೆಕೆಂಡುಗಳಲ್ಲಿ ಹರಿದು ಮುಗಿಯುತ್ತದೆ. ಮೂರು ನಿಮಿಷವೂ ಇಲ್ಲದ ಚಿತ್ರಕ್ಕೆ ಯಂತ್ರ ಇಷ್ಟೇಕೆ ಒದ್ದಾಡಬೇಕು?

ಲೆಕ್ಕ ಹಾಕಿ ನೋಡಿ. ಕ್ಯಾಮೆರಾ 24 ಮೆಗಾಪಿಕ್ಸೆಲಿನದಾದರೆ ಒಂದು ಚಿತ್ರದ ಅಗಲ 6,000, ಎತ್ತರ 4,000. ಒಟ್ಟು 2 ಕೋಟಿ 40 ಲಕ್ಷ ಚುಕ್ಕಿಗಳು. ಕಡತದ ಗಾತ್ರ ಏಳೆಂಟು ಮೆಗಾಬೈಟ್ ಮಾತ್ರ ಎಂದು ನಮಗೆ ಕಾಣುವುದು ಅದು ಜೆಪೆಗ್ ರೂಪದಲ್ಲಿ ಅದುಮಿ ಕಟ್ಟಿದ ಗಂಟಾಗಿರುವುದರಿಂದ. ತಂತ್ರಾಂಶ ಅದನ್ನು ಬಳಸಬೇಕಾದರೆ ಗಂಟು ಬಿಚ್ಚಲೇಬೇಕು. ಪ್ರತಿ ಚುಕ್ಕಿಗೂ ಕೆಂಪು, ಹಸಿರು, ನೀಲಿಗಳಿಗೆ ಒಂದೊಂದು ಬೈಟ್ ಎಂದರೂ ಬಿಚ್ಚಿದ ಚಿತ್ರ 72 ಮೆಗಾಬೈಟ್ ಆಗುತ್ತದೆ. ಸಂಕಲನ ತಂತ್ರಾಂಶಗಳು ಬಣ್ಣ ತಿದ್ದುವಾಗ ಇನ್ನೂ ಸೂಕ್ಷ್ಮವಾದ ಲೆಕ್ಕವನ್ನು ಬಳಸುವುದರಿಂದ ಇದು ಹಲವು ಪಟ್ಟು ಹಿಗ್ಗಲೂಬಹುದು.

ನಮ್ಮ ಮನೆಗಳ ಭಾಷೆಯಲ್ಲಿ ಹೇಳುವುದಾದರೆ, ಹಾರ್ಡ್ ಡಿಸ್ಕ್ ಎಂಬುದು ಅಟ್ಟ, ಮೆಮೊರಿ ಎಂಬುದು ಅಂಗಳ. ಅಟ್ಟದ ಮೇಲೆ ನೂರು ಚೀಲ ಅಡಿಕೆ ಒಟ್ಟಬಹುದು. ಒಣಗಿಸಲು ಹರಡಬೇಕಾದರೆ ಅಂಗಳ ಬೇಕು. ಎಂಟು ಗಿಗಾಬೈಟ್ ಮೆಮೊರಿಯ ಗಣಕಯಂತ್ರದಲ್ಲಿ ಬೇರೇನೂ ಕೆಲಸವಿಲ್ಲವೆಂದು ಭಾವಿಸಿದರೂ ಇಂಥ ನೂರ ಹತ್ತು ಚಿತ್ರಗಳನ್ನು ಹರಡುವಷ್ಟರಲ್ಲಿ ಅಂಗಳ ತುಂಬುತ್ತದೆ. ತಂತ್ರಾಂಶವು ಹಳೆಯದನ್ನು ಬಳಿದು ಹೊಸದನ್ನು ಹರಡುತ್ತಾ ಹೋಗುತ್ತದೆ, ನಿಜ. ಆದರೆ ಚಿತ್ರದ ಒಂದು ಸೆಕೆಂಡಿಗೆ 25 ಗಂಟು ಬಿಚ್ಚಬೇಕು, ಅಂದರೆ 1.8 ಗಿಗಾಬೈಟ್. ಒಂದು ಚಿತ್ರ ಮಸುಕಾಗುತ್ತಾ ಇನ್ನೊಂದು ಮೂಡುವ ಅಲಂಕಾರ ಸೇರಿಸಿದಿರೋ, ಎರಡೆರಡು ಚಿತ್ರಗಳನ್ನು ಒಟ್ಟಿಗೇ ಹರಡಬೇಕಾಗುತ್ತದೆ. ಮೆಮೊರಿ ಸಾಲದೆ ಯಂತ್ರವು ಡಿಸ್ಕಿನ ಒಂದು ಭಾಗವನ್ನೇ ಅಂಗಳವೆಂದು ಬಳಸತೊಡಗಿದಾಗ ಕೆಲಸ ಕುಂಟುತ್ತದೆ, ಕೊನೆಗೆ ನಿಲ್ಲುತ್ತದೆ.

ಇದರಲ್ಲಿ ವ್ಯರ್ಥವಾದುದೆಷ್ಟು ಎಂಬುದನ್ನೂ ಗಮನಿಸಬೇಕು. ಸಭೆಯಲ್ಲಿ ತೋರಿಸುವ ಪೂರ್ಣ ಎಚ್‌ಡಿ ಚಿತ್ರದ ಅಳತೆ 1,920 ಗುಣಿಸು 1,080, ಅಂದರೆ ಸುಮಾರು 20.7 ಲಕ್ಷ ಚುಕ್ಕಿಗಳು. ನಾವು ಹೊತ್ತು ತಂದದ್ದು 240 ಲಕ್ಷ. ಹನ್ನೊಂದೂವರೆ ಪಟ್ಟು ಹೆಚ್ಚು ಹೊತ್ತು ತಂದು, ಬಾಗಿಲಲ್ಲಿ ಅಷ್ಟನ್ನೂ ಎಸೆಯುವಂತೆ ಯಂತ್ರಕ್ಕೆ ಹೇಳುತ್ತಿದ್ದೇವೆ.

ಸುಲಿದು ಹೊರಬೇಕು

ಹಸಿ ಅಡಿಕೆಯನ್ನು ಸಿಪ್ಪೆಸಹಿತ ಯಾರೂ ಮಂಡಿಗೆ ಹೊರುವುದಿಲ್ಲ. ಚಿತ್ರಗಳನ್ನೂ ಹಾಗೆಯೇ ಮೊದಲು ಹದಗೊಳಿಸಬೇಕು. ಕ್ರಮ ಹೀಗಿರಲಿ.

ಮೊದಲನೆಯದು, ಮೂಲ ಚಿತ್ರಗಳನ್ನು ಮುಟ್ಟದೆ ಎಲ್ಲಕ್ಕೂ ನಕಲು ತೆಗೆಯಿರಿ. ಮುಂದಿನ ಎಲ್ಲ ಕೆಲಸವೂ ನಕಲಿನ ಮೇಲೆಯೇ ನಡೆಯಬೇಕು.

ಎರಡನೆಯದು, ನಕಲುಗಳನ್ನು ಸಂಕಲನಕ್ಕೆ ಮೊದಲೇ ಕುಗ್ಗಿಸಿ. ಇರ್ಫಾನ್‌ವ್ಯೂ, ಎಕ್ಸ್‌ಎನ್‌ಕನ್ವರ್ಟ್‌ನಂಥ ತಂತ್ರಾಂಶಗಳು ಸಾವಿರಾರು ಚಿತ್ರಗಳನ್ನು ಒಂದೇ ಆಜ್ಞೆಗೆ ಕುಗ್ಗಿಸಿ ಕೊಡುತ್ತವೆ. ಅಗಲ 1,920ಕ್ಕೆ ಇಳಿದರೆ ಎತ್ತರ 1,280 ಆಗುತ್ತದೆ, ಹೊರೆ ಹತ್ತರಲ್ಲಿ ಒಂದಂಶಕ್ಕೆ ಬರುತ್ತದೆ. ಚಿತ್ರದ ಯಾವುದಾದರೂ ಭಾಗವನ್ನು ಎರಡು ಪಟ್ಟು ಹಿಗ್ಗಿಸಿ ತೋರಿಸಬೇಕಿದ್ದರೆ ಆ ಕೆಲವನ್ನು ಮಾತ್ರ 3,840 ಅಗಲಕ್ಕೆ ಉಳಿಸಿಕೊಳ್ಳಿ. ಎಷ್ಟು ಪಟ್ಟು ಹಿಗ್ಗಿಸುತ್ತೀರೋ ಅಷ್ಟು ಪಟ್ಟು ಅಗಲ ಸಾಕು, ಅದಕ್ಕಿಂತ ಹೆಚ್ಚು ಬೇಡ. ಸಂಕಲನದ ಪರದೆಯ ಮೇಲೆ ಚಿತ್ರವನ್ನು ಚಿಕ್ಕದಾಗಿಸಿದರೆ ಹೊರೆ ಇಳಿಯಿತೆಂದು ತಿಳಿಯಬೇಡಿ. ಅದು ಕಾಣುವುದಷ್ಟೇ ಚಿಕ್ಕದು. ಒಳಗೆ ಪೂರ್ತಿ ಚಿತ್ರವನ್ನೇ ಯಂತ್ರ ಬಿಚ್ಚುತ್ತಿರುತ್ತದೆ.

ಮೂರನೆಯದು, ಹೆಸರು. 1, 2, 3 ಎಂದು ಹೆಸರಿಟ್ಟರೆ ಹಲವು ತಂತ್ರಾಂಶಗಳು 1, 10, 100, 2 ಎಂಬ ಕ್ರಮದಲ್ಲಿ ಜೋಡಿಸುತ್ತವೆ. ಜೂನ್ ತಿಂಗಳ ಮಳೆ ಜನವರಿಯ ಒಣ ಹಳ್ಳದಲ್ಲಿ ಸುರಿಯುವುದು ಹೀಗೆ. 0001, 0002 ಎಂದು ಮುಂದೆ ಸೊನ್ನೆ ತುಂಬಿ ಹೆಸರಿಡಿ. ಅನೇಕ ಕ್ಯಾಮೆರಾಗಳ ಎಣಿಕೆ 9999 ಮುಟ್ಟಿದ ಮೇಲೆ ಮತ್ತೆ 0001ಕ್ಕೆ ಮರಳುವುದರಿಂದ ಮೂರನೆಯ ವರ್ಷದಲ್ಲಿ ಒಂದೇ ಹೆಸರಿನ ಎರಡು ಚಿತ್ರಗಳಾಗುವ ಅಪಾಯವೂ ಇದೆ. ಆದ್ದರಿಂದ ಚಿತ್ರ ತೆಗೆದ ದಿನಾಂಕ ಮತ್ತು ಸಮಯದ ಪ್ರಕಾರ ಜೋಡಿಸಿ, ಆಮೇಲೆ ನಕಲುಗಳಿಗೆ ಕ್ರಮಸಂಖ್ಯೆ ಕೊಡುವುದು ಕ್ಷೇಮ.

ನಾಲ್ಕನೆಯದು ಬಹಳ ಮುಖ್ಯ. 4,380 ಚಿತ್ರಗಳನ್ನು 4,380 ಬಿಡಿ ತುಣುಕುಗಳಾಗಿ ಟೈಮ್‌ಲೈನ್ ಮೇಲೆ ಇಡಬೇಡಿ. ಪ್ರತಿ ತುಣುಕಿನ ಜಾಗ, ಅವಧಿ, ಕಿರುಚಿತ್ರ ಎಲ್ಲವನ್ನೂ ತಂತ್ರಾಂಶ ಪ್ರತ್ಯೇಕವಾಗಿ ನೆನಪಿಡಬೇಕಾಗುತ್ತದೆ. ಅದರ ಬದಲು ಚಿತ್ರಸರಣಿಯಾಗಿ ಒಳಗೆ ತನ್ನಿ. ಆಗ ಇಡೀ ಸಾಲು ಒಂದೇ ತುಣುಕಾಗಿ ಕಾಣುತ್ತದೆ. ಉಚಿತವಾಗಿ ಸಿಗುವ ಕೆಡೆನ್‌ಲೈವ್, ಶಾಟ್‌ಕಟ್, ಬ್ಲೆಂಡರ್‌ಗಳಲ್ಲಿಯೂ ಡಾವಿಂಚಿ ರಿಸಾಲ್ವ್‌ನಲ್ಲಿಯೂ ಈ ಸೌಲಭ್ಯವಿದೆ. ಆಜ್ಞೆಗಳನ್ನು ಬರೆಯಲು ಅಂಜದವರು ಎಫ್‌ಎಫ್‌ಎಂಪೆಗ್ ಎಂಬ ಮುಕ್ತ ತಂತ್ರಾಂಶದಿಂದ ಸರಣಿಯನ್ನು ನೇರವಾಗಿ ಒಂದು ವೀಡಿಯೊ ಆಗಿಸಿಕೊಂಡು, ಆ ವೀಡಿಯೊವನ್ನು ಮಾತ್ರ ಸಂಕಲನಕ್ಕೆ ಒಯ್ಯಬಹುದು. ಹಳೆಯ ಗಣಕಯಂತ್ರಗಳಿಗೆ ಇದೇ ಅತ್ಯಂತ ಹಗುರವಾದ ದಾರಿ.

ಲಕ್ಷಣ ನೋಡಿ ರೋಗ ಹೇಳಿ

ಇಷ್ಟಾದರೂ ರೆಂಡರ್ ನಿಂತಿತೆನ್ನಿ. ತೋಟದಲ್ಲಿ ಗಿಡ ಹಳದಿಯಾದಾಗ ನಾವು ಕೂಡಲೇ ಔಷಧ ಹೊಡೆಯುವುದಿಲ್ಲ, ಹೊಡೆಯಬಾರದು. ಇಡೀ ತೋಟ ಹಳದಿಯೋ, ಒಂದು ಮೂಲೆ ಮಾತ್ರವೋ, ಹಳೆಯ ಎಲೆಯೋ, ಹೊಸ ಎಲೆಯೋ ಎಂದು ನೋಡುತ್ತೇವೆ. ಯಂತ್ರದ ಕಾಯಿಲೆಗೂ ಇದೇ ಕ್ರಮ. ಎಲ್ಲಿ ನಿಂತಿತು ಎಂಬುದನ್ನು ಪ್ರತಿಸಲವೂ ಬರೆದಿಟ್ಟುಕೊಳ್ಳಿ.

ಪ್ರತಿಸಲವೂ ಒಂದೇ ಜಾಗದಲ್ಲಿ ನಿಂತರೆ ದೋಷ ಆ ಜಾಗದ ಚಿತ್ರದಲ್ಲಿದೆ. ಬ್ಯಾಟರಿ ಮುಗಿಯುವಾಗ ಬರೆದ ಅರೆಬರೆ ಕಡತವಿರಬಹುದು, ಮುದ್ರಣಕ್ಕೆಂದು ಬೇರೆ ಬಣ್ಣಪದ್ಧತಿಯಲ್ಲಿ ಉಳಿಸಿದ ಚಿತ್ರವಿರಬಹುದು, ಅಥವಾ ಯಾರೋ ಐಫೋನಿನಿಂದ ಸೇರಿಸಿದ, ತಂತ್ರಾಂಶಕ್ಕೆ ಅರ್ಥವಾಗದ ಎಚ್‌ಇಐಸಿ ಮಾದರಿಯ ಕಡತವಿರಬಹುದು. ಅದನ್ನು ಹುಡುಕಲು ನಾಲ್ಕು ಸಾವಿರ ಚಿತ್ರ ತೆರೆದು ನೋಡಬೇಕಿಲ್ಲ. ಸರಣಿಯನ್ನು ಎರಡು ಪಾಲು ಮಾಡಿ ಬೇರೆಬೇರೆಯಾಗಿ ರೆಂಡರ್ ಮಾಡಿ. ನಿಂತ ಪಾಲನ್ನು ಮತ್ತೆ ಎರಡು ಮಾಡಿ. ಕೆಟ್ಟ ಚಿತ್ರ ಒಂದೇ ಆಗಿದ್ದರೆ 4,380ರಲ್ಲಿ ಅದನ್ನು ಹಿಡಿಯಲು ಹೆಚ್ಚೆಂದರೆ 13 ಸಲ ಪಾಲು ಮಾಡಿದರೆ ಸಾಕು.

ಪ್ರತಿಸಲ ಬೇರೆ ಬೇರೆ ಜಾಗದಲ್ಲಿ ನಿಂತರೆ ಚಿತ್ರಗಳನ್ನು ದೂಷಿಸಬೇಡಿ. ಮೆಮೊರಿಯ ಕೊರತೆ, ಅತಿಯಾದ ಬಿಸಿ ಅಥವಾ ವಿದ್ಯುತ್ತಿನ ಏರಿಳಿತ ಕಾರಣವಾಗಿರುವುದೇ ಹೆಚ್ಚು. ಇತರ ತಂತ್ರಾಂಶಗಳನ್ನು ಮುಚ್ಚಿ. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಡದೆ ಗಾಳಿಯಾಡುವ ಮೇಜಿನ ಮೇಲಿಡಿ. ತಾತ್ಕಾಲಿಕ ಕಡತಗಳಿಗೆ ಡಿಸ್ಕಿನಲ್ಲಿ ಧಾರಾಳವಾಗಿ ಜಾಗ ಬಿಡಿ. ಅಡೋಬಿ ಪ್ರೀಮಿಯರ್ ಪ್ರೊ ಬಳಸುವವರು ಅದರ ಮೆಮೊರಿ ಆಯ್ಕೆಗಳಲ್ಲಿ ರೆಂಡರಿಂಗನ್ನು ವೇಗದ ಬದಲು ಮೆಮೊರಿಯ ಉಳಿತಾಯಕ್ಕೆ ಹೊಂದಿಸಿಕೊಳ್ಳಬಹುದು. ಗ್ರಾಫಿಕ್ಸ್ ಕಾರ್ಡಿನ ನೆರವನ್ನು ಒಮ್ಮೆ ನಿಲ್ಲಿಸಿ ನೋಡುವುದೂ ಒಂದು ಪರೀಕ್ಷೆ. ನಿಧಾನವಾದರೂ ಕೆಲಸ ಮುಗಿದರೆ, ಕಾರ್ಡಿನ ಮೆಮೊರಿ ಸಾಲದಾಗಿತ್ತೆಂದು ಅನುಮಾನಿಸಬಹುದು.

ಹೊರಬರುವ ಕಡತ 4 ಗಿಗಾಬೈಟ್ ಮುಟ್ಟಿದೊಡನೆ ನಿಂತರೆ ತಪ್ಪು ತಂತ್ರಾಂಶದ್ದಲ್ಲ, ಪೆನ್‌ಡ್ರೈವಿನದು. ಫ್ಯಾಟ್32 ಪದ್ಧತಿಯ ಪೆನ್‌ಡ್ರೈವ್ ಅದಕ್ಕಿಂತ ದೊಡ್ಡ ಒಂದು ಕಡತವನ್ನು ಹಿಡಿಯಲಾರದು. ರೆಂಡರನ್ನು ಗಣಕಯಂತ್ರದ ಡಿಸ್ಕಿಗೇ ಮಾಡಿ.

ರೆಂಡರ್ ಮುಗಿದರೂ ಸಭೆಯ ಟಿವಿಯಲ್ಲಿ ಚಿತ್ರ ಮೂಡದಿದ್ದರೆ ಬಣ್ಣಗಳನ್ನು ಕಟ್ಟಿದ ರೀತಿ ಆ ಟಿವಿಗೆ ಹಿಡಿಸಿಲ್ಲ. ಎಚ್.264 ಮಾದರಿ, 4:2:0 ಬಣ್ಣಪದ್ಧತಿ, ಅಗಲ ಎತ್ತರಗಳೆರಡೂ ಸಮಸಂಖ್ಯೆ - ಈ ಮೂರನ್ನು ಪಾಲಿಸಿದ ಎಂಪಿ4 ಕಡತ ಬಹುಮಟ್ಟಿಗೆ ಎಲ್ಲೆಡೆಯೂ ಓಡುತ್ತದೆ.

ಕರೆಂಟು ಹೋಗುವ ಊರಿನಲ್ಲಿ

ಪೇಟೆಯಲ್ಲಿ ಬರೆದ ಕೈಪಿಡಿಗಳು ಹೇಳದ ಸಮಸ್ಯೆ ನಮ್ಮದೊಂದಿದೆ. ಮಳೆಗಾಲದಲ್ಲಿ ಆರು ಗಂಟೆ ಸತತವಾಗಿ ವಿದ್ಯುತ್ ಇರುತ್ತದೆಂದು ನಂಬಿ ರೆಂಡರಿಗೆ ಕೂರುವಂತಿಲ್ಲ. ಎಂಪಿ4 ಕಡತದ ಒಳಗಿನ ಸೂಚಿಯನ್ನು ತಂತ್ರಾಂಶವು ಸಾಮಾನ್ಯವಾಗಿ ಕಟ್ಟಕಡೆಗೆ ಬರೆಯುತ್ತದೆ. ಶೇಕಡಾ 95ಕ್ಕೆ ಕರೆಂಟು ಹೋದರೂ ಸೂಚಿಯಿಲ್ಲದ ಆ ಕಡತವನ್ನು ಯಾವ ಸಾಮಾನ್ಯ ಪ್ಲೇಯರೂ ತೆರೆಯಲಾರದು. ಐದೂವರೆ ಗಂಟೆಯ ಕೆಲಸ ನೀರುಪಾಲು.

ಇದಕ್ಕೆ ಎರಡು ಉಪಾಯಗಳಿವೆ. ಒಂದು, ತಿಂಗಳಿಗೊಂದು ತುಣುಕಿನಂತೆ ಹನ್ನೆರಡು ಬಿಡಿ ರೆಂಡರ್‌ಗಳನ್ನು ಮಾಡಿ, ಕೊನೆಗೆ ಜೋಡಿಸುವುದು. ಎಲ್ಲದರ ಅಳತೆ, ವೇಗ, ಮಾದರಿ ಒಂದೇ ಆಗಿದ್ದರೆ ಎಫ್‌ಎಫ್‌ಎಂಪೆಗ್ ಅವುಗಳನ್ನು ಮತ್ತೆ ರೆಂಡರ್ ಮಾಡದೆಯೇ ಕೂಡಿಸುತ್ತದೆ. ಇನ್ನೊಂದು, ವೀಡಿಯೊ ಬದಲು ಬಿಡಿಚಿತ್ರಗಳ ಸರಣಿಯಾಗಿಯೇ ರೆಂಡರ್ ಮಾಡುವುದು. ಬ್ಲೆಂಡರ್‌ನಲ್ಲಿ ಇದು ಸುಲಭ. 2,600ನೆಯ ಚಿತ್ರಕ್ಕೆ ಕರೆಂಟು ಹೋದರೆ 2,600ರಿಂದಲೇ ಮುಂದುವರಿಯಬಹುದು. ಅರ್ಧಕ್ಕೆ ನಿಂತ ಆ ಒಂದು ಚಿತ್ರವನ್ನು ಮಾತ್ರ ಮತ್ತೆ ಮಾಡಬೇಕಾಗುತ್ತದೆ. ಎಲ್ಲ ಮುಗಿದ ಮೇಲೆ ಸರಣಿಯನ್ನು ವೀಡಿಯೊ ಆಗಿಸುವ ಕೆಲಸ ಬೇಗ ಆಗುತ್ತದೆ.

ಯಾವುದನ್ನು ಇಳಿಸಬಾರದು

ಇಲ್ಲಿಯವರೆಗೆ ಹೇಳಿದ್ದು ಯಂತ್ರದ ಮಾತು. ಇನ್ನು ನಮ್ಮ ಮಾತು.

ಚುಕ್ಕಿಗಳನ್ನು ಕುಗ್ಗಿಸಿದರೂ ಸಾಲದೆ ಚಿತ್ರಗಳ ಸಂಖ್ಯೆಯನ್ನೇ ಕಡಿಮೆ ಮಾಡಬೇಕಾದ ಸಂದರ್ಭ ಬರಬಹುದು. ಆಗ ಯಾವುದನ್ನು ಬಿಡಬೇಕು? ನೀರು ತಿಳಿಯಾಗಿದ್ದ ದಿನಗಳ ಚಿತ್ರ ತೆಗೆದುಹಾಕಿ ಕೆಂಪು ನೀರಿನ ದಿನಗಳನ್ನಷ್ಟೇ ಉಳಿಸಿಕೊಳ್ಳುವ ಆಸೆ ಸಹಜ. ನಮ್ಮ ಹೋರಾಟ ನ್ಯಾಯವಾದುದೆಂಬ ನಂಬಿಕೆಯೇ ಆ ಆಸೆಯನ್ನು ಹುಟ್ಟಿಸುತ್ತದೆ. ಹಾಗೆ ಮಾಡಿದ ದಿನವೇ ಆ ಚಿತ್ರ ಸಾಕ್ಷಿಯಾಗಿ ಉಳಿಯುವುದಿಲ್ಲ. ಕ್ಷೇತ್ರಪ್ರಯೋಗದಲ್ಲಿ ನಾವು ಚೆನ್ನಾಗಿ ಬೆಳೆದ ಗಿಡಗಳನ್ನಷ್ಟೇ ಅಳೆಯುವುದಿಲ್ಲ. ಮೊದಲೇ ನಿಯಮ ಮಾಡಿಕೊಂಡು, ಆ ನಿಯಮಕ್ಕೆ ಸಿಕ್ಕಿದ ಗಿಡವನ್ನು ಅದು ಹೇಗಿದ್ದರೂ ಅಳೆಯುತ್ತೇವೆ. ಹಾಗೆಯೇ ಪ್ರತಿದಿನ ಮಧ್ಯಾಹ್ನ ಹನ್ನೆರಡರ ಚಿತ್ರ ಎಂದೋ, ಪ್ರತಿ ನಾಲ್ಕನೆಯ ಚಿತ್ರ ಎಂದೋ ನಿಯಮವಿರಲಿ. ಆ ನಿಯಮವನ್ನು ಚಿತ್ರದ ಆರಂಭದಲ್ಲಿಯೇ ಅಕ್ಷರಗಳಲ್ಲಿ ತೋರಿಸಿ.

ಕ್ಯಾಮೆರಾ ಕೆಟ್ಟು ಹತ್ತು ದಿನಗಳ ಚಿತ್ರವಿಲ್ಲದಿದ್ದರೆ ಆ ಜಾಗದಲ್ಲಿ 'ಚಿತ್ರವಿಲ್ಲ' ಎಂದು ಬರೆದ ಕಪ್ಪು ಚೌಕಟ್ಟುಗಳನ್ನು ಇಡಿ. ಇದರಿಂದ ತಾಂತ್ರಿಕ ಲಾಭವೂ ಉಂಟು. ನಡುವೆ ಸಂಖ್ಯೆ ತಪ್ಪಿದ ಸರಣಿಯನ್ನು ಹಲವು ತಂತ್ರಾಂಶಗಳು ಅಲ್ಲಿಗೇ ಮುಗಿಯಿತೆಂದು ತಿಳಿಯುತ್ತವೆ. ಕಪ್ಪು ಚೌಕಟ್ಟು ಆ ತೆರಪನ್ನು ತುಂಬುತ್ತದೆ. ಈಗಿನ ತಂತ್ರಾಂಶಗಳಲ್ಲಿ ಎರಡು ಚಿತ್ರಗಳ ನಡುವೆ ಇಲ್ಲದ ಚಿತ್ರಗಳನ್ನು ತಾವೇ ಊಹಿಸಿ ತುಂಬಿ, ಓಟವನ್ನು ನುಣುಪಾಗಿಸುವ ಸೌಲಭ್ಯವಿದೆ. ಮದುವೆಯ ವೀಡಿಯೊಗೆ ಅದು ಆಗಬಹುದು. ಹಳ್ಳದ ಚಿತ್ರಕ್ಕೆ ಬೇಡ. ನಾವು ಕಾಣದ ನೀರನ್ನು ಕಂಡೆವೆಂದು ಹೇಳುವ ಹಕ್ಕು ನಮಗಿಲ್ಲ. ಓಟ ಸ್ವಲ್ಪ ಕುಲುಕಿದರೆ ಕುಲುಕಲಿ.

ಕೊನೆಯದಾಗಿ ಮೂಲ ಚಿತ್ರಗಳು. ಕೆಂಪಡಿಕೆಗೆಂದು ಕೊಯ್ದ ಗೊನೆಗಳೆಲ್ಲ ಹಂಡೆಗೆ ಹೋದರೂ ಬಿತ್ತನೆಗೆಂದು ಗುರುತಿಟ್ಟ ಗೊನೆಯನ್ನು ಯಾರೂ ಬೇಯಿಸುವುದಿಲ್ಲ. ಮೂಲ ಕಡತದೊಳಗೆ ಚಿತ್ರ ತೆಗೆದ ದಿನ, ಸಮಯ, ಕ್ಯಾಮೆರಾದ ವಿವರ ದಾಖಲಾಗಿರುತ್ತವೆ. ಕುಗ್ಗಿಸಿದಾಗ ಅವು ಅಳಿಸಿಹೋಗುವ ಸಂಭವವಿದೆ. 1 ಜುಲೈ 2024ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೆಯ ಸೆಕ್ಷನ್ ವಿದ್ಯುನ್ಮಾನ ದಾಖಲೆಗಳಿಗೆ ಪ್ರಮಾಣಪತ್ರವನ್ನು ಬಯಸುತ್ತದೆ. ಆ ನಮೂನೆಯಲ್ಲಿ ಕಡತದ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಹ್ಯಾಶ್ ಎಂದರೆ ಕಡತದ ಬೆರಳಚ್ಚು ಎನ್ನಬಹುದು. ಒಳಗಿನ ಒಂದು ಚುಕ್ಕಿ ಬದಲಾದರೂ ಆ ಸಂಖ್ಯೆ ಬದಲಾಗುತ್ತದೆ. ಕಾರ್ಡಿನಿಂದ ಇಳಿಸಿಕೊಂಡ ದಿನವೇ ಹ್ಯಾಶ್ ತೆಗೆದು ಪಟ್ಟಿ ಮಾಡಿ. ಮೂಲಗಳ ಎರಡು ಪ್ರತಿಗಳನ್ನು ಎರಡು ಬೇರೆ ಮನೆಗಳಲ್ಲಿ, ತೇವ ತಾಗದಂತೆ ಇಡಿ. ವ್ಯಾಜ್ಯದ ಹಂತ ಬಂದರೆ ವಕೀಲರು ಮೊದಲು ಕೇಳುವುದು ನಿಮ್ಮ ಮೂರು ನಿಮಿಷದ ಚಿತ್ರವನ್ನಲ್ಲ, ಈ ಮೂಲಗಳನ್ನು.

ಪರಿಸರ ಪರಿಣಾಮ ಮೌಲ್ಯಮಾಪನದ 2006ರ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲು ಸಭೆಯ ಕಲಾಪವನ್ನು ಪೂರ್ತಿಯಾಗಿ ವೀಡಿಯೊ ಚಿತ್ರೀಕರಿಸಬೇಕು. ನಾವು ಎದ್ದುನಿಂತು ಆಡುವ ಪ್ರತಿ ಮಾತೂ ಅಲ್ಲಿ ದಾಖಲಾಗುತ್ತದೆ. 'ಇದು ಇಂಥ ದಿನದ, ಇಂಥ ಹೊತ್ತಿನ ಚಿತ್ರ. ಇದರ ಮೂಲ ನಮ್ಮಲ್ಲಿದೆ. ಆಯ್ದ ನಿಯಮ ಇದು' ಎಂದು ಅಳುಕಿಲ್ಲದೆ ಹೇಳಬಲ್ಲವರ ಮಾತಿಗೆ ತೂಕ ಬರುತ್ತದೆ. ನಿಮ್ಮ ಯಂತ್ರ ಹಳೆಯದಿರಬಹುದು, ಚಿತ್ರದ ಅಂಚು ಒರಟಾಗಿರಬಹುದು. ಹಳ್ಳ ಹರಿದಂತೆಯೇ ತೋರಿಸಿದ್ದರೆ ಅಷ್ಟು ಸಾಕು.

ಊಟದ ನಂತರ ನಿಮ್ಮ ನಿಮ್ಮ ಚಿತ್ರಗಳನ್ನೇ ಇಟ್ಟುಕೊಂಡು ಕುಗ್ಗಿಸುವ, ಹೆಸರಿಡುವ ಕೆಲಸವನ್ನು ಒಟ್ಟಿಗೆ ಮಾಡೋಣ. ಮೂಲಗಳ ನಕಲು ತೆಗೆಯದೆ ಯಾರೂ ಗಣಕಯಂತ್ರದ ಮುಂದೆ ಕೂರಬಾರದೆಂಬುದು ಮೊದಲ ನಿಯಮ.